ಫೈರ್‌ಬ್ರಿಕ್ ಕತ್ತರಿಸುವವರಿಗೆ ಒಂದು ಸಲಹೆ

ಮನೆಯಲ್ಲಿ ಪಿಜ್ಜಾ ಒಲೆ ಕಟ್ಟುತ್ತಿದ್ದೀರಾ? ಮೊದಲು ನಿಮ್ಮ ಫೈರ್‌ಬ್ರಿಕ್, ಅಂದರೆ ಜೋರು ಬೆಂಕಿಯ ಶಾಖ ತಡೆಯುವ ಇಟ್ಟಿಗೆ, ಯಾವ ಬಗೆಯದು ಅಂತ ನೋಡಿ. ಹಗುರವಾಗಿದ್ದು, ಉಗುರಿಗೇ ಗೀರು ಬಿದ್ದರೆ ಅದು ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ) ಇಟ್ಟಿಗೆ. ಅದನ್ನು ಕತ್ತರಿಸಲು ಹಳೆಯ ಹ್ಯಾಕ್ಸಾ ಸಾಕು.

ಗಟ್ಟಿ ಇಟ್ಟಿಗೆಗೆ 4 ಇಂಚಿನ ಆ್ಯಂಗಲ್ ಗ್ರೈಂಡರ್ (ಕೈಯಲ್ಲಿ ಹಿಡಿದು ಕತ್ತರಿಸುವ ಕರೆಂಟಿನ ಯಂತ್ರ), ಡೈಮಂಡ್ ಬ್ಲೇಡ್ ಬೇಕು. ಕಬ್ಬಿಣ ಕತ್ತರಿಸುವ ಡಿಸ್ಕ್ ಸುಮ್ನೆ ಸವೆದು ಹೋಗುತ್ತದೆ. 4 ಇಂಚಿನ ಡೈಮಂಡ್ ಬ್ಲೇಡ್ ಇಟ್ಟಿಗೆಯ ಆಚೆ ಬದಿಗೆ ಮುಟ್ಟುವುದಿಲ್ಲ, ಅಲ್ವಾ? ಅದಕ್ಕೇ ನಾಲ್ಕೂ ಬದಿಗೆ ಗೆರೆ ಎಳೆದು ಅರ್ಧ ಇಂಚು ಕೊರೆಯಿರಿ. ಆಮೇಲೆ ಮರಳಿನ ಮೇಲಿಟ್ಟು ಅಗಲ ಉಳಿಯಿಂದ ಗೆರೆಯುದ್ದಕ್ಕೂ ಮೆಲ್ಲಗೆ ತಟ್ಟಿ.

ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಸಾಲದು, ಎನ್-95 ಮಾಸ್ಕ್, ಸೇಫ್ಟಿ ಕನ್ನಡಕ ಹಾಕಿ. ಇಟ್ಟಿಗೆ ನೆನೆಸಿ, ಒರೆಸಿ ಕತ್ತರಿಸಿದರೆ ಧೂಳು ಕಡಿಮೆ. ಗ್ರೈಂಡರ್ ಮೇಲೆ ಮಾತ್ರ ನೀರು ಬೇಡ. ಪೂರ್ತಿ ಒಣಗುವ ಮೊದಲು ಜೋರು ಬೆಂಕಿ ಹಾಕಿದರೆ ಇಟ್ಟಿಗೆ ಬಿರುಕು ಬಿಡುತ್ತದೆ.