ಇಚೆನ್ ಹೊಳೆಯಲ್ಲಿ ಟ್ರೌಟ್‌ಗೆ ಫ್ಲೈ ಬಿಡುವುದು: ನನ್ನ ಅನುಭವ

ನಾನು ಟ್ರೌಟ್ ಎಂಬ ಮೀನನ್ನು ಹಿಡಿಯುವುದು ಫ್ಲೈಯಿಂದ, ಅಂದರೆ ಗಾಳಕ್ಕೆ ಕಟ್ಟಿ ಮಾಡಿದ ಹುಸಿ ಹುಳುವಿನಿಂದ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹರಿಯುವ ಇಚೆನ್ ಒಂದು ಚಾಕ್ ಸ್ಟ್ರೀಮ್. ಮಳೆನೀರು ಸುಣ್ಣದ ಬಂಡೆಯೊಳಗೆ ಇಂಗಿ, ಸೋಸಿಕೊಂಡು, ಊಟೆಯಾಗಿ ಮೇಲೆ ಬಂದು ಹೊಳೆಯಾಗುತ್ತದೆ. ಊಟೆಯ ನೀರು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಸುಮಾರು 10 ಡಿಗ್ರಿ. ಎಷ್ಟು ತಿಳಿ ಅಂದರೆ ತಳದ ಕಲ್ಲು, ನೀರುಗಿಡದ ಎಳೆ, ಮೀನಿನ ಮೈಮೇಲಿನ ಚುಕ್ಕೆ ಎಲ್ಲ ಕಾಣುತ್ತದೆ. ನಮಗೆ ಮೀನು ಕಂಡರೆ ಮೀನಿಗೂ ನಾವು ಕಾಣುತ್ತೇವೆ, ಅಲ್ವಾ? ಟ್ರೌಟ್ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೇ ನಾನು ಅದರ ಬೆನ್ನ ಹಿಂದಿನಿಂದ, ಹೊಳೆಯ ಮೇಲ್ಮುಖವಾಗಿ ನಡೆಯುತ್ತೇನೆ.

ಇಲ್ಲಿ ಹೊಳೆಯ ಬಹುಪಾಲು ಖಾಸಗಿ ಬೀಟ್‌ಗಳು, ಅಂದರೆ ಮೀನು ಹಿಡಿಯಲೆಂದು ಗುರುತಿಸಿದ ಹೊಳೆಯ ತುಂಡುಗಳು. ದಿನದ ಟಿಕೆಟ್ ಕೊಳ್ಳಬೇಕು, ಸರ್ಕಾರದ ರಾಡ್ (ಗಾಳದ ಕೋಲು) ಲೈಸೆನ್ಸ್ ಬೇರೆ. ಅಷ್ಟು ದುಡ್ಡು ಕೊಟ್ಟ ಮೇಲೆ ತಕ್ಷಣ ಲೈನ್ (ಗಾಳದ ದಾರ) ಬೀಸೋಣ ಅನ್ನಿಸುತ್ತದೆ. ನಾನು ಮಾತ್ರ ಮೊದಲು ದಡದಲ್ಲಿ ಕೂತು ನೋಡುತ್ತೇನೆ. ಮೂತಿ ನೀರಿನಿಂದ ಹೊರಬಂದರೆ ಮೀನು ತೇಲುವ ಹುಳು ತಿನ್ನುತ್ತಿದೆ. ಬರೀ ಬೆನ್ನು, ಬಾಲ ಕಂಡರೆ ಹುಳು ಇನ್ನೂ ನೀರೊಳಗಿದೆ, ಅಂದರೆ ನಿಂಫ್, ರೆಕ್ಕೆ ಬಾರದ ಮರಿಹುಳು. ಇದೇ ಹೊಳೆಯಲ್ಲಿ ನಿಂಫ್‌ನಂಥ ಫ್ಲೈ ಬಿಡುವುದನ್ನು ಬೆಳೆಸಿದವರು ಸ್ಕ್ಯೂಸ್ ಎಂಬ ವಕೀಲರು. ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ) ಬಿಟ್ಟು ಬೇರೇನೂ ಕೂಡದು ಎನ್ನುವವರ ಜೊತೆ ಅವರ ವಾದ ವರ್ಷಗಟ್ಟಲೆ ನಡೆಯಿತು. ಈಗಲೂ ಎಷ್ಟೋ ಬೀಟ್‌ಗಳಲ್ಲಿ ಮೇಲ್ಮುಖವಾಗಿ ಡ್ರೈ ಫ್ಲೈ ಅಷ್ಟೇ ಬಿಡಬೇಕೆಂಬ ನಿಯಮವಿದೆ.

ಫ್ಲೈ ಯಾವುದು ಎನ್ನುವುದಕ್ಕಿಂತ ಅದು ಹೇಗೆ ತೇಲುತ್ತದೆ ಎನ್ನುವುದೇ ಮುಖ್ಯ, ಇದು ನನ್ನ ಗಟ್ಟಿ ಅಭಿಪ್ರಾಯ. ನೀರುಗಿಡದ ಗುಂಪುಗಳ ನಡುವೆ ನೀರು ಒಂದು ಕಡೆ ಜೋರು, ಪಕ್ಕದಲ್ಲೇ ನಿಧಾನ. ಜೋರಾದ ಕಡೆ ಬಿದ್ದ ಲೈನ್ ಫ್ಲೈಯನ್ನು ಎಳೆಯುತ್ತದೆ. ಇದಕ್ಕೆ ಡ್ರ್ಯಾಗ್ ಅಂತಾರೆ. ಟ್ರೌಟ್ ಮೇಲೇರಿ, ಫ್ಲೈ ಕೆಳಗೇ ಹಿಂದಕ್ಕೆ ತೇಲುತ್ತಾ, ಅದನ್ನೇ ನೋಡುತ್ತಾ ಬರುತ್ತದೆ. ಆ ಹೊತ್ತಿಗೆ ಫ್ಲೈ ಕೂದಲೆಳೆಯಷ್ಟು ಅಡ್ಡ ಜಾರಿದರೂ ಸಾಕು, ಸುಮ್ನೆ ತಳಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಲೈನ್ ಗಾಳಿಯಲ್ಲಿರುವಾಗಲೇ ರಾಡನ್ನು ಸೆಳವು ಬರುವ ದಿಕ್ಕಿಗೆ ಚಾಚುತ್ತೇನೆ. ಲೈನ್ ಸ್ವಲ್ಪ ಸಡಿಲವಾಗಿ ಬೀಳುತ್ತದೆ, ಫ್ಲೈಗೆ ಒಂದೆರಡು ಗಜ ತಾನಾಗಿ ತೇಲಲು ಅವಕಾಶ ಸಿಗುತ್ತದೆ. ಹಗುರ ಲೈನಿಗೆ ಹೊಂದುವ ಎಂಟೂವರೆ ಅಡಿಯ 4 ನಂಬರ್ ರಾಡ್, ಉದ್ದನೆಯ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಇದಕ್ಕೆ ಸಾಕು.

ಮೇ ಕೊನೆಯಲ್ಲಿ ಮೇಫ್ಲೈ ಎಂಬ ರೆಕ್ಕೆಯ ಹುಳು ನೀರಿನಿಂದ ಏಳುವಾಗ ಮೀನಿಗೆ ಎಚ್ಚರ ಕಡಿಮೆ. ನನಗೆ ಜುಲೈ ಸಂಜೆಗಳೇ ಜಾಸ್ತಿ ಇಷ್ಟ. ಮೊಟ್ಟೆ ಇಟ್ಟು ಸತ್ತ ಹುಳುಗಳು ರೆಕ್ಕೆ ಚಾಚಿ ತೇಲಿಬರುತ್ತವೆ, ಟ್ರೌಟ್ ಸದ್ದಿಲ್ಲದೆ ಹೀರುತ್ತದೆ. ಆಗ ಆ ಸತ್ತ ಹುಳುವಿನಂತೆ ನೀರಿಗೆ ಅಂಟಿದಂತೆ ಕೂರುವ ಚಿಕ್ಕ ಸ್ಪಿನ್ನರ್ ಎಂಬ ಫ್ಲೈ ಕಟ್ಟುತ್ತೇನೆ. ಮೀನು ಬಾಯಿ ಮುಚ್ಚಿ ತಲೆ ಕೆಳಗೆ ತಿರುಗಿಸುವವರೆಗೆ ಕಾದು ರಾಡ್ ಎತ್ತಬೇಕು.

ಹಿಡಿದ ಮೀನನ್ನು ವಾಪಸ್ ಬಿಡುತ್ತೇನೆ. ಮುಳ್ಳಿಲ್ಲದ ಗಾಳ, ಒದ್ದೆ ಕೈ, ಮೀನು ಆದಷ್ಟು ನೀರಲ್ಲೇ ಇರಬೇಕು. ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು, ತಾನಾಗಿ ಬಾಲ ಬಡಿಯುವವರೆಗೆ ಕೈ ಬಿಡುವುದಿಲ್ಲ.