ಕೆಮ್ಮಣ್ಣಿನ ಬಿಲ್ಲೆ ಹಿಡಿದು ಸಲ್ಯೂಟ್‌ಗೆ: ಟೆರೇನ್ ಖರೀದಿಯ ನನ್ನ ಅನುಭವ

ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುವ ವಾರ್‌ಗೇಮ್ ಕ್ಲಬ್ ನಮ್ಮದು. ಟೆರೇನ್ ಅಂದರೆ ಆ ಮೇಜಿನ ನೆಲ, ಮರ, ಮನೆ. ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ಮರದ ತೋಪನ್ನು 15 ಎಂಎಂ ಎತ್ತರದ ಗೊಂಬೆಗಳ ಅಳತೆಯಲ್ಲಿ ಕಟ್ಟುತ್ತೇನೆ ಅಂದಾಗ ಕ್ಲಬ್ಬಿನಲ್ಲಿ ಯಾರೂ ನಂಬಲಿಲ್ಲ. ನಾನಿರುವ ಬ್ರಿಟನ್ನಿನ ಶೋಗಳಲ್ಲಿ ಸಿಗುವುದು ಇಂಗ್ಲೆಂಡಿನ ಹುಲ್ಲು, ನಾರ್ಮಂಡಿಯ ಬೇಲಿ, ರಷ್ಯಾದ ಹಿಮ. ಇವುಗಳಲ್ಲಿ ಶ್ರೀರಂಗಪಟ್ಟಣದ ತೋಟ ಹೇಗೆ ಮಾಡುತ್ತೀಯ ಅಂತ ಎಲ್ಲರದೂ ಒಂದೇ ಪ್ರಶ್ನೆ. ಈಗ ಮೇಜು ತಯಾರಾಗಿದೆ, ಎರಡು ಸಲ ಆಟವೂ ಆಗಿದೆ. ಬಹುತೇಕ ಸಾಮಾನು ಲಂಡನ್ನಿನ ಸಲ್ಯೂಟ್ ಎಂಬ ವಾರ್‌ಗೇಮ್ ಶೋದಲ್ಲೇ ಕೊಂಡದ್ದು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಟ್ಟಿಗೆ ಬರೆದುಬಿಡುತ್ತೇನೆ.

ತೋಪಿನ ಕಥೆ ನಿಮಗೆ ಗೊತ್ತಿರುತ್ತದೆ. 1799ರ ಏಪ್ರಿಲ್ 5ರ ರಾತ್ರಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟ್ ಜೊತೆ ಕತ್ತಲಲ್ಲಿ ತೋಪಿಗೆ ನುಗ್ಗಿದ. ಮರಗಳ ನಡುವೆ, ಕಾಲುವೆಗಳ ನಡುವೆ ದಾರಿ ತಪ್ಪಿತು. ಟಿಪ್ಪುವಿನ ಸೈನಿಕರ ಗುಂಡು, ರಾಕೆಟ್ ತಾಳಲಾರದೆ ಹಿಂದೆ ಸರಿದರು. ಮರುದಿನ ಬೆಳಕಿನಲ್ಲಿ ಹೆಚ್ಚು ಸೈನ್ಯದೊಂದಿಗೆ ಬಂದು ತೋಪು ಹಿಡಿದರು. ಅಂದರೆ ಇಲ್ಲಿ ಆಟವನ್ನು ನಡೆಸುವುದೇ ನೆಲ. ಮರ ವಿರಳವಾದರೆ, ಕಾಲುವೆ ಇಲ್ಲದಿದ್ದರೆ ಆ ರಾತ್ರಿ ಮೇಜಿನ ಮೇಲೆ ಬರುವುದೇ ಇಲ್ಲ.

2022ರಲ್ಲಿ ಮೊದಲ ಸಲ ಸಲ್ಯೂಟ್‌ಗೆ ಹೋದಾಗ ಜೇಬಿನಲ್ಲಿ 250 ಪೌಂಡ್ ಇತ್ತು. ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ನೂರು ಖಾಲಿ. ಡೆಮೊ ಮೇಜುಗಳನ್ನು ನೋಡಿ ತಲೆ ತಿರುಗಿತ್ತು. ಚೆಂದ ಕಂಡದ್ದನ್ನೆಲ್ಲ ಕೊಂಡೆ: ಎಳೆ ಹಸಿರು ಸ್ಟ್ಯಾಟಿಕ್ ಗ್ರಾಸ್ (ಕೃತಕ ಹುಲ್ಲಿನ ಎಳೆ) ನಾಲ್ಕು ಚೀಲ, ಟಫ್ಟ್ (ಅಂಟಿಸುವ ಪುಟ್ಟ ಹುಲ್ಲಿನ ಗುಪ್ಪೆ) ಏಳೆಂಟು ಪ್ಯಾಕೆಟ್, ರೆಸಿನ್‌ನಲ್ಲಿ (ಸುರಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರಕ ಹೊಯ್ದ ಕಲ್ಲಿನ ಗೋಡೆ ಒಂದು ಸೆಟ್, ಮೇಜಿಗೆ ಹಾಸುವ ಒಂದು ದೊಡ್ಡ ಮ್ಯಾಟ್. ಮನೆಗೆ ತಂದು ಹರಡಿದರೆ ಒಂದಕ್ಕೊಂದು ಬಣ್ಣ ಹೊಂದುವುದಿಲ್ಲ. ಮ್ಯಾಟ್ ಬೂದು ಕಂದು, ಹುಲ್ಲು ಯಾವುದೋ ಗಾಲ್ಫ್ ಮೈದಾನದ್ದು. ರೆಸಿನ್ ಗೋಡೆಗಳಲ್ಲಿ ಮೂರು ಚೀಲದಲ್ಲೇ ಮುರಿದಿದ್ದವು. 210 ಪೌಂಡ್ ಖರ್ಚಾಗಿ, ಕೊನೆಗೆ ಬಳಕೆಗೆ ಬಂದದ್ದು ಎಂಬತ್ತು ತೊಂಬತ್ತರ ಸಾಮಾನು ಅಷ್ಟೆ.

ಮುಂದಿನ ವರ್ಷ ಉಲ್ಟಾ ಮಾಡಿದೆ. ಕೊನೆಯ ಗಂಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ನಾಲ್ಕು ಗಂಟೆಯವರೆಗೆ ಏನೂ ಕೊಳ್ಳದೆ ಕಾದೆ. ನನಗೆ ಬೇಕಾಗಿದ್ದ ಕಾಲುವೆ ತುಂಡುಗಳು ಮಧ್ಯಾಹ್ನವೇ ಮುಗಿದಿದ್ದವು. ಅದರ ಬದಲು ಸಿಕ್ಕ ನದಿ ತುಂಡು ಕೊಂಡೆ. ಅದರ ದಡ ಪೂರ್ತಿ ಹುಲ್ಲುಗಾವಲು. ಅದೂ ಅಟ್ಟ ಸೇರಿತು.

ಆ ಚಳಿಗಾಲದಲ್ಲಿ ಹೊಳೆದದ್ದು ಬಿಲ್ಲೆಯ ಉಪಾಯ. ಕಣ್ಣನ್ನು ನಂಬಿ ಕೊಳ್ಳಬಾರದು, ನೆಲವನ್ನೇ ಜೊತೆಗೆ ಒಯ್ಯಬೇಕು. ನಿಜವಾದ ಮಣ್ಣು ತರುವಂತಿಲ್ಲ. ಭಾರತದ ಮಣ್ಣನ್ನು ಒಳಗೆ ಬಿಡಲು ಬ್ರಿಟನ್ನಿನ ಸಸ್ಯ ಆರೋಗ್ಯ ನಿಯಮ ಒಪ್ಪುವುದಿಲ್ಲ. ಹಾಗಾಗಿ ಊರಲ್ಲಿರುವ ತಂಗಿಗೆ ಫೋನ್ ಮಾಡಿದೆ. "ಅಣ್ಣಾ, ಒಣಗಿದ ಮಣ್ಣೋ, ನೀರು ಕಟ್ಟಿದ ಮಣ್ಣೋ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ! ಎರಡನ್ನೂ ಬಿಳಿ ಕಾಗದದ ಮೇಲೆ ಹಾಕಿ, ಬೆಳಗಿನ ಬಿಸಿಲಲ್ಲಿ ಫೋಟೊ ತೆಗೆದು ಕಳಿಸು ಅಂದೆ. ಪಕ್ಕದಲ್ಲಿ ಬಿಳಿ ಕಾಗದ ಇದ್ದರೆ ಫೋನ್ ಬಣ್ಣ ಕೆಡಿಸಿದ್ದು ಗೊತ್ತಾಗುತ್ತದೆ, ಸರಿಮಾಡಿಕೊಳ್ಳಬಹುದು.

ಗೋಡೆ ಬಣ್ಣದ ಸ್ಯಾಂಪಲ್ ಡಬ್ಬಗಳನ್ನು ಕಲಸಿ ಆ ಕೆಂಪು ತಂದೆ. ಡಬ್ಬಕ್ಕೆ ಐದಾರು ಪೌಂಡ್ ಆಯಿತು, ಮೂರು ಡಬ್ಬ ಸಾಕಾಯಿತು. ಮೊದಲೆರಡು ಇಟ್ಟಿಗೆ ಕೆಂಪು ಮತ್ತು ತಿಳಿ ಕಂದು. ಮೂರನೆಯದು ಯಾವುದು ಅಂತ ಮಾತ್ರ ಹೇಳುವುದಿಲ್ಲ. ಅದು ಸಿಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಬಿಲ್ಲೆ ಅಂದರೆ ಇಷ್ಟೆ: ಅಂಗೈ ಅಗಲದ ಎಂಡಿಎಫ್ (ಮರದ ನಾರಿನ ಹಲಗೆ) ತುಂಡಿಗೆ ಮರಳು ಅಂಟಿಸಿ, ಅರ್ಧಕ್ಕೆ ಒಣ ಮಣ್ಣಿನ ಬಣ್ಣ, ಇನ್ನರ್ಧಕ್ಕೆ ಹಸಿ ಮಣ್ಣಿನ ಬಣ್ಣ ಹಚ್ಚಿದೆ. ಮೂಲೆಯಲ್ಲಿ ಒಬ್ಬ 15 ಎಂಎಂ ಸಿಪಾಯಿಯನ್ನು ಅಂಟಿಸಿದೆ. ಈ ಸಿಪಾಯಿ ಬಹಳ ಮುಖ್ಯ. ಮರ, ಬಾಗಿಲು, ಗೋಡೆ ಯಾವುದನ್ನು ನೋಡಿದರೂ ಅವನನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅಳತೆ ತಕ್ಷಣ ತಿಳಿಯುತ್ತದೆ. ಡಬ್ಬದ ಮೇಲೆ 15 ಎಂಎಂ ಅಂತ ಬರೆದಿದ್ದರೂ ಒಬ್ಬೊಬ್ಬರ ಅಳತೆ ಒಂದೊಂದು ಥರ, ಅಲ್ವಾ?

ಇಲ್ಲೇ ರೆಡಿಂಗ್‌ನಲ್ಲಿರುವ ಮಂಡ್ಯದ ಗೆಳೆಯ ಇದನ್ನು ನೋಡಿ, "ಅಲ್ಲ ಗುರು, ಬಿಲ್ಲೆ ಹಿಡ್ಕೊಂಡು ಸಂತೆಗೆ ಹೋಗ್ತಾರಾ?" ಅಂದ. ಸೀರೆಗೆ ರವಿಕೆ ಬಟ್ಟೆ ಹುಡುಕುವಾಗ ಅಮ್ಮ ಸೀರೆಯ ತುಂಡು ಒಯ್ಯುತ್ತಿರಲಿಲ್ಲವಾ, ಇದೂ ಹಾಗೇ ಅಂದೆ. ಅವನು ಸುಮ್ಮನಾದ.

2024ರ ಏಪ್ರಿಲ್. ರೆಡಿಂಗ್‌ನಿಂದ ಎಲಿಜಬೆತ್ ಲೈನ್ ಹತ್ತಿ ಕಸ್ಟಮ್ ಹೌಸ್‌ನಲ್ಲಿ ಇಳಿದರೆ ಶೋ ನಡೆಯುವ ಎಕ್ಸೆಲ್ ಕಟ್ಟಡ ಎದುರಿಗೇ ಇದೆ. ಸಲ್ಯೂಟ್ ನಡೆಸುವುದು ಸೌತ್ ಲಂಡನ್ ವಾರ್‌ಲಾರ್ಡ್ಸ್ ಕ್ಲಬ್. ಒಂದೇ ದಿನದ ಶೋ, ಹಾಗಾಗಿ ನಾಳೆ ನೋಡೋಣ ಅನ್ನುವ ಮಾತಿಲ್ಲ. ಎರಡು ವಾರ ಮೊದಲೇ ಎಂಡಿಎಫ್ ಮನೆಗಳು ಮತ್ತು ಗೊಂಬೆ ನಿಲ್ಲಿಸುವ ಬೇಸ್‌ಗಳನ್ನು ಆರ್ಡರ್ ಮಾಡಿದ್ದೆ. ಅವು ಸ್ಟಾಲ್‌ನಲ್ಲಿ ಕಟ್ಟಿಟ್ಟಿದ್ದವು. ಅಂಚೆ ಖರ್ಚು ಉಳಿಯಿತು. ಮೊದಲ ಒಂದೂವರೆ ಗಂಟೆ ಒಂದು ಪೈಸೆ ಬಿಚ್ಚಲಿಲ್ಲ. ಸಾಲು ಸಾಲಾಗಿ ಸುತ್ತಿ, ಬಿಲ್ಲೆ ಪಕ್ಕ ಇಟ್ಟು, ಹೊಂದಿದ ಸ್ಟಾಲ್‌ನ ನಂಬರ್ ಮತ್ತು ಬೆಲೆ ಮಾತ್ರ ಬರೆದುಕೊಂಡೆ.

ಒಂದು ಎಚ್ಚರಿಕೆ. ಹಾಲ್‌ನ ದೀಪದಲ್ಲಿ ಕೆಂಪು ಮಂಕಾಗಿ ಕಾಣುತ್ತದೆ. ಅಲ್ಲಿ ಹೊಂದಿದ ಟಫ್ಟ್ ಹಗಲು ಬೆಳಕಿನಲ್ಲಿ ಹೊಂದದೆ ಹೋಗಬಹುದು. ಅದಕ್ಕೆ ಮೊದಲು ಬಗೆಗೆ ಒಂದೇ ಪ್ಯಾಕೆಟ್ ಕೊಂಡು, ಬಾಗಿಲ ಹೊರಗೆ ಬಂದು ಬಿಲ್ಲೆಯ ಮೇಲಿಟ್ಟು ನೋಡಿದೆ. ಸರಿ ಅನ್ನಿಸಿದ ಮೇಲೆ ವಾಪಸ್ ಹೋಗಿ ಉಳಿದದ್ದು ತೆಗೆದುಕೊಂಡೆ. ಆರು ಬಗೆಯಲ್ಲಿ ನಾಲ್ಕು ಬಿದ್ದುಹೋದವು, ಎರಡು ಉಳಿದವು. ಒಣಹುಲ್ಲಿನ ಬಣ್ಣದ 4 ಎಂಎಂ ಟಫ್ಟ್ ಒಂದು, ಕಡು ಹಸಿರಿನದು ಇನ್ನೊಂದು. ಏಪ್ರಿಲ್‌ನಲ್ಲಿ ನಮ್ಮ ಕಡೆ ಹಸಿರು ಇರುವುದು ನೀರು ಹರಿಯುವಲ್ಲಿ ಮಾತ್ರ. ಕಾಲುವೆಯ ಎರಡೂ ಬದಿ ಒಂದು ಗೇಣು ಹಸಿರು, ಆಚೆಗೆ ಪೂರ್ತಿ ಒಣಹುಲ್ಲು ಹಾಕಿದೆ. ಮೇಜು ನಮ್ಮೂರಿನಂತೆ ಕಂಡದ್ದೇ ಆಮೇಲೆ.

ಮರಗಳ ವಿಷಯಕ್ಕೆ ಬರುತ್ತೇನೆ. 60 ಸೆಂಟಿಮೀಟರ್ ಉದ್ದ, 45 ಅಗಲದ ತೋಪಿಗೆ ಅರವತ್ತಕ್ಕೂ ಹೆಚ್ಚು ಮರ ಬೇಕಾಯಿತು. 20 ಮೀಟರ್ ತೆಂಗಿನ ಮರ ನೂರರಲ್ಲಿ ಒಂದು ಅಳತೆಗೆ 20 ಸೆಂಟಿಮೀಟರ್ ಆಗುತ್ತದೆ. ಅಷ್ಟು ಎತ್ತರ ಇಟ್ಟರೆ ಕೈ ಹಾಕಿ ಸಿಪಾಯಿಗಳನ್ನು ಸರಿಸಲು ಆಗುವುದಿಲ್ಲ. 11ರಿಂದ 13 ಸೆಂಟಿಮೀಟರ್ ಸಾಕು. ಪ್ಲಾಸ್ಟಿಕ್ ತೆಂಗಿನ ಮರ ನಲವತ್ತು ಕೊಂಡೆ, 24 ಪೌಂಡ್ ಆಯಿತು. ಯಾವ ಸ್ಟಾಲ್ ಅಂತ ಹೇಳುವುದಿಲ್ಲ, ಮುಂದಿನ ಮೇಜಿಗೆ ನನಗೆ ಇನ್ನೂ ಮೂವತ್ತು ಬೇಕು.

ಈ ಮರಗಳಿಗೆ ಸ್ಪ್ರೇ ಪ್ರೈಮರ್ (ಮೊದಲ ಪದರದ ಬಣ್ಣ) ಹೊಡೆಯಬೇಡಿ. ಮೊದಲ ಎಂಟು ಮರ ಹಾಗೇ ಹಾಳಾದವು. ಮೆತ್ತನೆ ಪ್ಲಾಸ್ಟಿಕ್ ಮೇಲೆ ಸ್ಪ್ರೇ ಒಣಗುವುದೇ ಇಲ್ಲ, ತಿಂಗಳಾದರೂ ಕೈಗೆ ಅಂಟುತ್ತದೆ. ಪಾತ್ರೆ ಸೋಪಿನಲ್ಲಿ ತೊಳೆದು, ಪಿವಿಎ (ಫೆವಿಕಾಲ್‌ನಂಥ ಬಿಳಿ) ಅಂಟು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಬ್ರಶ್‌ನಲ್ಲೇ ಹಚ್ಚಿ. ಕೆಳಗಿನ ಎರಡು ಗರಿಗಳನ್ನು ಒಣಗಿದ ಕಂದು ಮಾಡಿ. ಅಷ್ಟರಿಂದಲೇ ಆಟಿಕೆ ಮರ ನಿಜವಾದ ಮರವಾಗುತ್ತದೆ.

ಅಡಿಕೆ ಮರ ಮಾತ್ರ ಯಾವ ಸ್ಟಾಲ್‌ನಲ್ಲೂ ಸಿಗಲಿಲ್ಲ. ಬಿದಿರಿನ ಕಡ್ಡಿಗೆ ಕಾಗದದ ಗರಿ ಕತ್ತರಿಸಿ ಮೂವತ್ತು ಮರ ನಾನೇ ಮಾಡಿದೆ. ಒಂದಕ್ಕೆ ಇಪ್ಪತ್ತು ನಿಮಿಷ. ಬೆರಳು ನೋವು ಬಂತು, ಆದರೆ ಇಡೀ ಮೇಜಿನಲ್ಲಿ ಜನ ಮೊದಲು ಕೈ ಮಾಡಿ ತೋರಿಸುವುದು ಇವನ್ನೇ.

ನಡುವೆ ತೆಂಗಿನ ನಾರಿನ ಪ್ರಯೋಗವೂ ಆಯಿತು. ನಾಲ್ಕು ಪೌಂಡಿನ ಕಾಲೊರೆಸುವ ಮ್ಯಾಟ್ ತಂದು, ನಾರು ಕಿತ್ತು, ಸಣ್ಣ ಕಟ್ಟು ಮಾಡಿ ಬಿಸಿ ಅಂಟಿನಲ್ಲಿ ನಿಲ್ಲಿಸಿದೆ. ಜೊಂಡು ಹುಲ್ಲಿಗೆ ಇದಕ್ಕಿಂತ ಒಳ್ಳೆಯದು ಯಾವ ಸ್ಟಾಲ್‌ನಲ್ಲೂ ಇಲ್ಲ. ಗುಡಿಸಲಿನ ಸೋಗೆಗೂ ಅದನ್ನೇ ಹಾಕಿದೆ. ಉಳಿದ ಕಡ್ಡಿಗಳಿಗೆ ಹತ್ತಿ ಸುತ್ತಿ ರಾಕೆಟ್ ಹೊಗೆ ಮಾಡಿದೆ. ಅದು ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಹತ್ತಿ ಜಾಸ್ತಿ ಬಿಳಿ. ಚೂರು ಕಪ್ಪು ವಾಷ್ (ನೀರಾದ ಬಣ್ಣ) ಕೊಡಬೇಕಿತ್ತು.

ಕಾಲುವೆ ಮಾಡುವುದರಲ್ಲಿ ದುಡ್ಡು ಕಳೆದು ಕೈ ಸುಟ್ಟುಕೊಂಡೆ. ನೀರಿನಂತೆ ಕಾಣಲು ಎರಡು ಬಾಟಲಿ ಬೆರೆಸುವ ರೆಸಿನ್, 28 ಪೌಂಡ್ ಕೊಟ್ಟು ತಂದಿದ್ದೆ. ಎಂಡಿಎಫ್ ಸಂದುಗಳನ್ನು ಮುಚ್ಚದೆ ರಾತ್ರಿ ಸುರಿದು ಮಲಗಿದೆ. ಬೆಳಿಗ್ಗೆ ಅರ್ಧ ನೀರು ಮೇಜಿನ ಕೆಳಗೆ ಗಟ್ಟಿಯಾಗಿತ್ತು. ಎರಡನೆಯ ಸಲ ರೆಸಿನ್ ಬಿಟ್ಟೆ. ಹಸಿ ಮಣ್ಣಿನ ಬಣ್ಣಕ್ಕೆ ಸ್ವಲ್ಪ ಹಸಿರು ಬೆರೆಸಿ ತಳಕ್ಕೆ ಹಚ್ಚಿ, ಮೇಲೆ ಹೊಳಪಿನ ವಾರ್ನಿಷ್ ಐದು ಪದರ. ಒಂಬತ್ತು ಪೌಂಡಿನಲ್ಲಿ ಮುಗಿಯಿತು. ತೋಟದ ಕಾಲುವೆ ನೀರು ಕದಡಿದ ಕೆಂಪು ತಾನೆ, ಅದಕ್ಕೆ ರೆಸಿನ್‌ನ ಪಾರದರ್ಶಕತೆ ಬೇಕೇ ಇಲ್ಲ.

2024ರ ಆ ಒಂದು ದಿನದಲ್ಲಿ ಸಾಮಾನಿಗೆ ಖರ್ಚಾದದ್ದು ಸುಮಾರು 118 ಪೌಂಡ್. ಟಿಕೆಟ್, ರೈಲು, ಊಟ ಬೇರೆ. ಇದರಲ್ಲಿ ಹಾಳಾದದ್ದು ರೆಸಿನ್, ಎಂಟು ಮರ ಮತ್ತು ಹೊಂದದ ಟಫ್ಟ್. ಉಳಿದದ್ದೆಲ್ಲ ಮೇಜಿನ ಮೇಲಿದೆ. ನಾಲ್ಕು ಗಂಟೆಯ ನಂತರ ಒಂದು ಸುತ್ತು ಹೋಗಿದ್ದಕ್ಕೆ ಒಡೆದ ಚೀಲದ ಮರಳು, ಸಣ್ಣ ಕಲ್ಲು ಮೂರು ಪೌಂಡಿಗೆ ಸಿಕ್ಕಿತು. ಕೊನೆಯ ಗಂಟೆ ಇಂಥ ಚಿಲ್ಲರೆಗೆ ಮಾತ್ರ ಒಳ್ಳೆಯದು. ಮರಗಳನ್ನು 9 ಲೀಟರ್ ಪ್ಲಾಸ್ಟಿಕ್ ಡಬ್ಬದಲ್ಲಿ ಫೋಮ್ ನಡುವೆ ಇಟ್ಟು ತಂದೆ. ಈ ಸಲ ಒಂದೂ ಮುರಿಯಲಿಲ್ಲ.

ಕ್ಲಬ್ಬಿನಲ್ಲಿ ಆಟ ಇಟ್ಟ ದಿನ ಕತ್ತಲ ನಿಯಮ ಹಾಕಿದ್ದೆವು, ಆರು ಇಂಚಿನಾಚೆ ಏನೂ ಕಾಣುವುದಿಲ್ಲ. 33ನೇ ರೆಜಿಮೆಂಟ್ ಎರಡನೇ ಕಾಲುವೆ ದಾಟುವಾಗಲೇ ಚದುರಿತು. ಅಡಿಕೆ ಸಾಲಿನಿಂದ ರಾಕೆಟ್ ಬಂದಾಗ ಇಂಗ್ಲಿಷ್ ಕಡೆ ಆಡುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತು ಬಗ್ಗಿ ಮರಗಳ ನಡುವೆ ನೋಡಿದರು. ಈ ಮೇಜು ಆಗುವುದಿಲ್ಲ ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದವರು ಅವರೇ. ಆಟ ಮುಗಿದ ಮೇಲೆ ಬಿಲ್ಲೆ ಕೇಳಿ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು.

ಇನ್ನು ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಡೆದ ಕೊನೆಯ ದಾಳಿ ಬಾಕಿ ಇದೆ. ಮಳೆ ಬರುವ ಮುಂಚಿನ ಕಾವೇರಿ, ನೀರು ಕಡಿಮೆ, ಬಂಡೆ ಜಾಸ್ತಿ. ನವೆಂಬರ್‌ನಲ್ಲಿ ಫಾರ್ನ್‌ಬರೋದಲ್ಲಿ ವಾರ್‌ಫೇರ್ ಶೋ ಇದೆ. ಬಂಡೆಗೆ ಕಾರ್ಕ್ ತೊಗಟೆ ಎರಡು ಚೀಲ ಬೇಕು, ಹನ್ನೆರಡು ಪೌಂಡ್ ಎತ್ತಿಟ್ಟಿದ್ದೇನೆ. ಬಿಲ್ಲೆಯ ಹಿಂಬದಿಗೆ ಹೊಳೆ ಮರಳಿನ ಬಣ್ಣ ಹಚ್ಚಿ ಆಗಿದೆ.