ಅಮೆರಿಕದಲ್ಲಿ ಭೂವಿಜ್ಞಾನ ಎಂಎಸ್, ಪಿಎಚ್‌ಡಿ: ಮೊದಲು ಗೈಡ್, ಆಮೇಲೆ ಅರ್ಜಿ

ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ಹೋಗುವವರು ರ‍್ಯಾಂಕಿಂಗ್ ನೋಡಿ ಹತ್ತು ಕಡೆ ಅರ್ಜಿ ಗುಜರಾಯಿಸಿ, ಸೀಟು ಸಿಕ್ಕ ಕಡೆಗೆ ಸಾಲ ಮಾಡಿ ಹೋಗುತ್ತಾರೆ. ಭೂವಿಜ್ಞಾನಕ್ಕೆ ಅದೇ ದಾರಿ ಹಿಡಿದರೆ ಕೆಲಸ ಕೆಡುತ್ತದೆ. ಇಲ್ಲಿ ಪಿಎಚ್‌ಡಿಗೂ, ಬಹಳಷ್ಟು ಕಡೆ ಥೀಸಿಸ್ ಇರುವ ಎಂಎಸ್‌ಗೂ ವಿಭಾಗವೇ ಟ್ಯೂಷನ್ ಫೀ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತದೆ. ಥೀಸಿಸ್ ಇಲ್ಲದ ಎಂಎಸ್‌ಗೆ ಹೆಚ್ಚಾಗಿ ಕೈಯಿಂದಲೇ ಖರ್ಚು. ಸ್ಟೈಪೆಂಡಿನ ದುಡ್ಡು ಬರುವುದು ಒಬ್ಬ ಪ್ರಾಧ್ಯಾಪಕರ ಪ್ರಾಜೆಕ್ಟಿನಿಂದ ಸಿಗುವ ಸಂಶೋಧನಾ ಸಹಾಯಕ ಹುದ್ದೆಯಿಂದ, ಅದು ಆರ್‌ಎ. ಇಲ್ಲವೇ ಅವರು ವಿಭಾಗದಲ್ಲಿ ಮಾತಾಡಿ ಕೊಡಿಸುವ ಬೋಧನಾ ಸಹಾಯಕ ಹುದ್ದೆಯಿಂದ, ಅದು ಟಿಎ. ‘ಈ ವಿದ್ಯಾರ್ಥಿ ನನಗೆ ಬೇಕು’ ಎನ್ನುವವರು ಒಳಗೆ ಒಬ್ಬರೂ ಇಲ್ಲದಿದ್ದರೆ ಒಳ್ಳೆಯ ಅಂಕಪಟ್ಟಿಯೂ ಕಡತದಲ್ಲೇ ಉಳಿಯುತ್ತದೆ.

ಆಗಸ್ಟ್‌ನಲ್ಲಿ ಶುರುವಾಗುವ ‘ಫಾಲ್’ ಪ್ರವೇಶಕ್ಕೆ ಕೊನೆಯ ದಿನಾಂಕ ಹೆಚ್ಚಾಗಿ ಹಿಂದಿನ ಡಿಸೆಂಬರ್ 1ರಿಂದ ಜನವರಿ 15ರ ನಡುವೆ ಬರುತ್ತದೆ. ಆದ್ದರಿಂದ ಗೈಡ್ ಹುಡುಕಾಟ ಜೂನ್–ಜುಲೈನಲ್ಲಿ, ಇಮೇಲ್ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ. ನವೆಂಬರ್ ಕೊನೆಯಲ್ಲಿ ಬರೆದರೆ ತಡವಾಯಿತೆಂದೇ ಲೆಕ್ಕ.

ಯಾರ ಬಳಿ ದುಡ್ಡಿದೆ ಎಂದು ಊಹಿಸಬೇಕಿಲ್ಲ. ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ಎನ್‌ಎಸ್‌ಎಫ್ (ನ್ಯಾಷನಲ್ ಸೈನ್ಸ್ ಫೌಂಡೇಶನ್) ಕೊಟ್ಟ ಅನುದಾನಗಳೆಲ್ಲ ಅದರ ‘ಅವಾರ್ಡ್ ಸರ್ಚ್’ ಪುಟದಲ್ಲಿ ಸಾರ್ವಜನಿಕವಾಗಿವೆ. ಪ್ರಾಧ್ಯಾಪಕರ ಹೆಸರು ಹಾಕಿದರೆ ಪ್ರಾಜೆಕ್ಟಿನ ವಿಷಯ, ಮೊತ್ತ, ಆರಂಭ ಮತ್ತು ಮುಕ್ತಾಯದ ದಿನಾಂಕ ಕಾಣುತ್ತದೆ. ನೋಡಬೇಕಾದ್ದು ಮುಕ್ತಾಯದ ದಿನಾಂಕ. ಮುಂದಿನ ವರ್ಷವೇ ಮುಗಿಯುವ ಅನುದಾನದಿಂದ ಹೊಸ ಪಿಎಚ್‌ಡಿ ವಿದ್ಯಾರ್ಥಿಯನ್ನು ಸಾಕಲಾಗದು. ಈಗಷ್ಟೇ ಶುರುವಾದದ್ದಕ್ಕೆ ಕೆಲಸ ಮಾಡುವ ಕೈಗಳು ಬೇಕಾಗಿರುತ್ತವೆ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳನ್ನೂ ಬಿಡಬೇಡಿ. ಅವರಿಗೆ ಲ್ಯಾಬ್ ಕಟ್ಟಲು ವಿಶ್ವವಿದ್ಯಾಲಯ ಕೊಟ್ಟ ಆರಂಭಿಕ ಹಣವಿರುತ್ತದೆ, ವಿದ್ಯಾರ್ಥಿಗಳಿರುವುದಿಲ್ಲ. ಇನ್ನೊಂದು ಮಾತು: 2025ರಲ್ಲಿ ಫೆಡರಲ್ ಸಂಶೋಧನಾ ಹಣ ಅನಿಶ್ಚಿತವಾದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನೇ ಕಡಿತ ಮಾಡಿದವು. ಹಾಗಾಗಿ ‘ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ’ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ಇಮೇಲ್ 200 ಪದ ದಾಟಬಾರದು. ವಿಷಯದ ಸಾಲಿನಲ್ಲಿ ಯಾವ ವರ್ಷದ ಪ್ರವೇಶ, ಎಂಎಸ್ಸೋ ಪಿಎಚ್‌ಡಿಯೋ, ಯಾವ ಕ್ಷೇತ್ರ ಎಂದಿರಲಿ. ‘ರೆಸ್ಪೆಕ್ಟೆಡ್ ಸರ್’ ಬೇಡ; ಡಾಕ್ಟರ್ ಎಂದು ಬರೆದು ಕುಲನಾಮ ಸೇರಿಸಿದರೆ ಸಾಕು. ‘ನನಗೆ ಶಿಲಾಶಾಸ್ತ್ರದಲ್ಲಿ ಅಪಾರ ಆಸಕ್ತಿ’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ‘ಚಿತ್ರದುರ್ಗ ಶಿಸ್ಟ್ ಪಟ್ಟಿಯಲ್ಲಿ 1:50,000 ಟೊಪೊಶೀಟ್ ಮೇಲೆ 18 ದಿನ ಮ್ಯಾಪಿಂಗ್ ಮಾಡಿದ್ದೇನೆ, 20 ಥಿನ್ ಸೆಕ್ಷನ್ ಓದಿದ್ದೇನೆ, 8 ಮಾದರಿಗಳ ಎಕ್ಸ್‌ಆರ್‌ಎಫ್ ದತ್ತಾಂಶ ಕೈಯಲ್ಲಿದೆ’ ಎಂದರೆ ಓದುವವರಿಗೆ ನಿಮ್ಮ ಕೈ ಪಳಗಿದೆಯೋ ಇಲ್ಲವೋ ಗೊತ್ತಾಗುತ್ತದೆ. (ಥಿನ್ ಸೆಕ್ಷನ್ ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳುವಾಗಿ ಕೊಯ್ದ ಕಲ್ಲಿನ ಹಲ್ಲೆ; ಎಕ್ಸ್‌ಆರ್‌ಎಫ್ ಎಂದರೆ ಕ್ಷ-ಕಿರಣದಿಂದ ಕಲ್ಲಿನ ರಾಸಾಯನಿಕ ಸಂಯೋಜನೆ ಅಳೆಯುವ ವಿಧಾನ.) ನಂತರ ಆ ಪ್ರಾಧ್ಯಾಪಕರ ಇತ್ತೀಚಿನ ಒಂದು ಲೇಖನದಿಂದ ಎದ್ದ ಒಂದೇ ಪ್ರಶ್ನೆ. ಕೊನೆಗೆ ನೇರವಾಗಿ: ಜಾಗವಿದೆಯೇ, ಆರ್‌ಎ ಅಥವಾ ಟಿಎ ಸಾಧ್ಯವೇ? ಎರಡು ಪುಟದ ಸಿವಿ ಲಗತ್ತಿಸಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ. ಒಂದೇ ವಿಭಾಗದ ಇಬ್ಬರಿಗೆ ಒಂದೇ ಒಕ್ಕಣೆ ಕಳಿಸಬೇಡಿ, ಅವರು ಪರಸ್ಪರ ಮಾತಾಡುತ್ತಾರೆ.

ಕರ್ನಾಟಕದವರು ಎಡವುವ ಜಾಗ ಇನ್ನೊಂದಿದೆ. ಧಾರವಾಡ ಕ್ರೇಟಾನ್‌ನ (ಭೂಖಂಡದ ಪುರಾತನ, ಸ್ಥಿರ ಭಾಗ) ಕಲ್ಲುಗಳಲ್ಲಿ 300 ಕೋಟಿ ವರ್ಷ ದಾಟಿದವೂ ಇವೆ. ಆರ್ಕಿಯನ್ ಎಂಬ ಆ ಪ್ರಾಚೀನ ಕಾಲದ ಮೇಲೆ ಕೆಲಸ ಮಾಡುವ ಯಾರಿಗೂ ಅದು ಹೊಸ ಹೆಸರಲ್ಲ. ಹಾಗೆಂದು ‘ನಾನು ಧಾರವಾಡದ ಮೇಲೇ ಸಂಶೋಧನೆ ಮಾಡುತ್ತೇನೆ’ ಎಂದು ಪಟ್ಟು ಹಿಡಿಯಬಾರದು. ಪ್ರಾಧ್ಯಾಪಕರ ಅನುದಾನ ವ್ಯೋಮಿಂಗ್‌ಗೋ ಗ್ರೀನ್‌ಲ್ಯಾಂಡ್‌ಗೋ ಮಂಜೂರಾಗಿರುತ್ತದೆ. ಚಿತ್ರದುರ್ಗ ಬಳಿಯ ಮಾರಡಿಹಳ್ಳಿಯ ದಿಂಬು ಲಾವಾ (ನೀರಿನಡಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ) ನೋಡಿ ಕಲಿತದ್ದು ಅಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಬರೆಯಿರಿ.

ಅರ್ಜಿಯ ಕಾಗದಪತ್ರದಲ್ಲಿ ತಲೆನೋವು ಕೊಡುವವು ಮೂರು. ಮೊದಲನೆಯದು ಮೂರು ವರ್ಷದ ಬಿಎಸ್ಸಿ: ಕೆಲವು ವಿಶ್ವವಿದ್ಯಾಲಯಗಳು ಇದೊಂದನ್ನೇ ಒಪ್ಪುವುದಿಲ್ಲ, ಎಂಎಸ್ಸಿ ಸೇರಿದರೆ ತೊಡಕು ಸಾಮಾನ್ಯವಾಗಿ ನೀಗುತ್ತದೆ. ಅಂಕಗಳನ್ನು ನೀವೇ 4ರ ಮಾಪಕಕ್ಕೆ ಇಳಿಸಬೇಡಿ, ಇದ್ದಂತೆಯೇ ಕೊಡಿ. ಎರಡನೆಯದು ಶಿಫಾರಸು ಪತ್ರ. ಮೂರು ಬೇಕು, ಒಂದಾದರೂ ಪ್ರಾಜೆಕ್ಟ್ ಗೈಡ್‌ರದಾಗಿರಲಿ. ಜಿಮೇಲ್ ವಿಳಾಸ ಕೊಟ್ಟರೆ ಕೆಲವು ಕಡೆ ಅನುಮಾನ ಬರುತ್ತದೆ. ಕಾಲೇಜಿನ ಅಧಿಕೃತ ಇಮೇಲ್ ಬಳಸಲು ಮೇಷ್ಟ್ರನ್ನು ಒಂದು ತಿಂಗಳು ಮೊದಲೇ ಕೇಳಿಕೊಳ್ಳಿ. ಮೂರನೆಯದು ಕ್ಷೇತ್ರಕಾರ್ಯ. ಅಮೆರಿಕದ ವಿದ್ಯಾರ್ಥಿಗಳು ‘ಫೀಲ್ಡ್ ಕ್ಯಾಂಪ್’ ಅನ್ನು ಬೇಸಿಗೆಯಲ್ಲಿ ಒಟ್ಟಿಗೆ ಕೆಲವು ವಾರ ಮಾಡಿರುತ್ತಾರೆ, ನಮ್ಮದು ವರ್ಷವರ್ಷಕ್ಕೆ ಹರಿದು ಹಂಚಿರುತ್ತದೆ. ಎಲ್ಲ ದಿನಗಳನ್ನೂ ಕೂಡಿ ಒಟ್ಟು ಲೆಕ್ಕ ಬರೆಯದಿದ್ದರೆ ನಿಮಗೆ ಫೀಲ್ಡ್ ಅನುಭವವೇ ಇಲ್ಲವೆಂದು ತಿಳಿಯುತ್ತಾರೆ.

ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಬಹಳಷ್ಟು ವಿಭಾಗಗಳು ಕೈಬಿಟ್ಟಿವೆ. ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಕು. ಟಿಎ ಹುದ್ದೆಗೆ ಮಾತಿನ ಭಾಗದಲ್ಲಿ ಪ್ರತ್ಯೇಕ ಕನಿಷ್ಠ ಅಂಕ ಕೇಳುವ ಕಡೆಗಳಿವೆ, ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ವಿಭಾಗದ ಸಂಯೋಜಕರಿಗೆ ಬರೆದರೆ ಕೆಲವೊಮ್ಮೆ ಒಪ್ಪುತ್ತಾರೆ.

ಆಫರ್ ಪತ್ರ ಬಂದಾಗ ಮೊತ್ತ ನೋಡಿ ಹಿಗ್ಗುವ ಮೊದಲು ಅದು 9 ತಿಂಗಳದೋ 12 ತಿಂಗಳದೋ ನೋಡಿ. 27,000 ಡಾಲರ್ ಎಂದರೆ ಒಂಬತ್ತು ತಿಂಗಳ ಕಾಲ ತಿಂಗಳಿಗೆ 3,000, ಆದರೆ ಬೇಸಿಗೆಯ ಮೂರು ತಿಂಗಳು ಸೊನ್ನೆ. ವರ್ಷಪೂರ್ತಿ ಹರಡಿದರೆ 2,250. ಟ್ಯೂಷನ್ ಮನ್ನಾ ಹೊರರಾಜ್ಯದವರ ದರಕ್ಕೂ ಅನ್ವಯಿಸುತ್ತದೆಯೇ? ಆರೋಗ್ಯ ವಿಮೆ ಯಾರದು? ‘ಸ್ಟೂಡೆಂಟ್ ಫೀ’ ಎಂಬ ಬಾಲ ಎಷ್ಟುದ್ದ? ಎಷ್ಟು ವರ್ಷಕ್ಕೆ ಭರವಸೆ? ಉತ್ತರ ಲಿಖಿತವಾಗಿಯೇ ಇರಲಿ. ‘ಬೇಗ ಒಪ್ಪಿಕೊಳ್ಳಿ’ ಎಂದು ಒತ್ತಾಯ ಬಂದರೆ ‘ಏಪ್ರಿಲ್ 15 ನಿರ್ಣಯ’ ನೆನಪಿಸಿ; ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಫರ್‌ಗೆ ಆ ದಿನಕ್ಕಿಂತ ಮೊದಲೇ ಉತ್ತರ ಕೊಡಲೇಬೇಕೆಂದು ಕಟ್ಟುಪಾಡು ಹಾಕುವಂತಿಲ್ಲ.

ಆಫರ್ ಪೂರ್ತಿ ಖರ್ಚನ್ನು ತುಂಬಿದರೆ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕೆ ಬ್ಯಾಂಕ್ ಠೇವಣಿ ತೋರಿಸಬೇಕಾಗದು, ಕೊರತೆ ಇದ್ದರೆ ಕೊರತೆಯಷ್ಟು ತೋರಿಸಬೇಕು. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185. ಮೊದಲ ಸಂಬಳ ಸೆಪ್ಟೆಂಬರ್‌ಗೆ ಮುಂಚೆ ಬರುವುದು ಅಪರೂಪ. ವಿಮಾನದ ಟಿಕೆಟ್, ಮನೆಯ ಮುಂಗಡ, ಎರಡು ತಿಂಗಳ ಊಟ ನಿಮ್ಮದೇ. ಜೆ. ಎನ್. ಟಾಟಾ ಎಂಡೋಮೆಂಟ್ ಇಂಥದ್ದಕ್ಕೆ ನೆರವಾಗುತ್ತದೆ, ಆದರೆ ಅದು ಸಾಲ, ತೀರಿಸಬೇಕು. ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನು ನೋಡಲೇಬೇಕು.

ಸೇರಿದ ಮೇಲೆ ಕ್ಷೇತ್ರಕಾರ್ಯದ ಖರ್ಚಿಗೆ ಭೂವಿಜ್ಞಾನಿಗಳ ಸಂಘಗಳಾದ ಜಿಎಸ್‌ಎ, ಎಎಪಿಜಿ, ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್ ಕೊಡುವ ಸಣ್ಣ ಅನುದಾನಗಳಿಗೆ ವಿದೇಶಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಎನ್‌ಎಸ್‌ಎಫ್‌ನ ಪದವೀಧರ ಫೆಲೋಶಿಪ್ ಮಾತ್ರ ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಅದರ ಹಿಂದೆ ಬಿದ್ದು ಸಮಯ ಕಳೆಯಬೇಡಿ. ತೆರಿಗೆ ತುಂಬುವಾಗ ಭಾರತ–ಅಮೆರಿಕ ಒಪ್ಪಂದದ 21(2)ನೇ ವಿಧಿ ನೆನಪಿರಲಿ: ವಿದ್ಯಾರ್ಥಿ ವೀಸಾದಲ್ಲಿರುವ ಇತರ ದೇಶದವರಿಗೆ ಸಾಮಾನ್ಯವಾಗಿ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ) ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಸಿಗುತ್ತದೆ.